ಹುದುಗಿದ ಕೋರೆಹಲ್ಲು ಹೊರಬಂದ ಮೇಲೆ ವಸಡಿನ ಗತಿಯೇನು?

ಮೇಲ್ದವಡೆಯ ಕೋರೆಹಲ್ಲು ಸಾಮಾನ್ಯವಾಗಿ 11ರಿಂದ 12ನೇ ವಯಸ್ಸಿನಲ್ಲಿ ಹುಟ್ಟುತ್ತದೆ. ನೂರರಲ್ಲಿ ಒಬ್ಬಿಬ್ಬರಲ್ಲಿ ಅದು ದಾರಿ ತಪ್ಪಿ ಮೂಳೆಯೊಳಗೇ ಉಳಿದುಬಿಡುತ್ತದೆ. ಬುದ್ಧಿಹಲ್ಲನ್ನು ಬಿಟ್ಟರೆ ಹೀಗೆ ಹುದುಗಿ ಉಳಿಯುವ ಹಲ್ಲುಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಈ ತೊಂದರೆ ಹೆಚ್ಚು.

ಬುದ್ಧಿಹಲ್ಲನ್ನು ಕೀಳಿಸಿ ಸುಮ್ಮನಾಗಬಹುದು. ಆದರೆ ನಗುವಿನ ಅಂದಕ್ಕೂ ಹಲ್ಲಿನ ಸಾಲಿನ ಭದ್ರತೆಗೂ ಕೋರೆಹಲ್ಲು ಬೇಕೇ ಬೇಕು. ಆದ್ದರಿಂದ ವೈದ್ಯರು ವಸಡನ್ನು ಕೊಯ್ದು ಹಲ್ಲನ್ನು ಕಾಣುವಂತೆ ಮಾಡಿ, ಕ್ಲಿಪ್ಪಿನ ನೆರವಿನಿಂದ ನಿಧಾನವಾಗಿ ಎಳೆದು ಸಾಲಿಗೆ ತರುತ್ತಾರೆ. ಹಲ್ಲು ಸಾಲಿಗೆ ಬಂದರಷ್ಟೇ ಸಾಲದು. ಅದರ ಸುತ್ತಲಿನ ವಸಡೂ ಆರೋಗ್ಯವಾಗಿರಬೇಕು. ಅನೇಕ ಪೋಷಕರ ಗಮನಕ್ಕೆ ಬಾರದ ಸಂಗತಿ ಇದು.

ವಸಡಿನಲ್ಲಿ ಎರಡು ಬಗೆ

ಹಲ್ಲಿನ ಬುಡಕ್ಕೆ ಅಂಟಿಕೊಂಡಿರುವ ವಸಡು ತಿಳಿಗುಲಾಬಿ ಬಣ್ಣದ್ದು, ಗಟ್ಟಿಯಾದದ್ದು. ಅಂಗಿಯ ಕಾಲರಿನಂತೆ ಅದು ಹಲ್ಲನ್ನು ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಅದರ ಮೇಲ್ಭಾಗದಲ್ಲಿ, ತುಟಿಯ ಒಳಮಗ್ಗುಲಿಗೆ ಸೇರುವ ಪೊರೆ ಕೆಂಪಗಿದ್ದು, ತುಟಿ ಎಳೆದಂತೆಲ್ಲ ಅಲುಗಾಡುತ್ತದೆ. ಹಲ್ಲು ಗಟ್ಟಿ ವಸಡಿನ ನಡುವೆ ಹೊರಬಂದರೆ ಕ್ಷೇಮ. ಸಡಿಲ ಪೊರೆಯನ್ನು ಸೀಳಿ ಬಂದರೆ ಹಲ್ಲುಜ್ಜುವ ಘರ್ಷಣೆಯನ್ನು ಅದು ತಾಳಲಾರದು. ಕ್ರಮೇಣ ವಸಡು ಮೇಲೆ ಸರಿದು ಬೇರು ಬಯಲಾಗುತ್ತದೆ. ಹಲ್ಲು ಪಕ್ಕದ್ದಕ್ಕಿಂತ ಉದ್ದವಾಗಿ ಕಾಣುತ್ತದೆ, ತಣ್ಣೀರಿಗೂ ಜುಮ್ಮೆನ್ನುತ್ತದೆ. ಹಾಗೆ ಸರಿದ ವಸಡು ಸಾಮಾನ್ಯವಾಗಿ ತಾನಾಗಿ ಮರಳಿ ಬೆಳೆಯುವುದಿಲ್ಲ.

ಕೊಯ್ಯುವ ವಿಧಾನ ಮುಖ್ಯ

ತುಟಿಯ ಕಡೆ ಹುದುಗಿದ ಹಲ್ಲಿಗೆ ಮೂರು ವಿಧಾನಗಳುಂಟು. ಗಟ್ಟಿ ವಸಡು ಯಥೇಚ್ಛವಾಗಿದ್ದು ಹಲ್ಲು ಕೆಳಗೇ ಇದ್ದರೆ ವಸಡಿನ ತುಣುಕೊಂದನ್ನು ತೆಗೆದರೆ ಸಾಕು. ಗಟ್ಟಿ ವಸಡು ಕಡಿಮೆಯಿದ್ದರೆ ಅದನ್ನೇ ಬಿಡಿಸಿ, ಮೇಲಕ್ಕೆ ಸರಿಸಿ, ಹಲ್ಲಿನ ಬುಡಕ್ಕೆ ಹೊಲಿಯುತ್ತಾರೆ. ಹಲ್ಲು ಬಹಳ ಎತ್ತರದಲ್ಲಿದ್ದರೆ ಅದಕ್ಕೆ ಸಣ್ಣ ಸರಪಳಿ ಅಂಟಿಸಿ, ವಸಡನ್ನು ಮತ್ತೆ ಮುಚ್ಚಿ ಹೊಲಿದು, ಒಳಗಿನಿಂದಲೇ ಎಳೆಯುತ್ತಾರೆ. ಎತ್ತರದ ಹಲ್ಲಿಗೆ ಎರಡನೆಯ ವಿಧಾನ ಬಳಸಿದಾಗ ಕಲೆ ಉಳಿಯುವುದು, ಹಲ್ಲು ಉದ್ದವಾಗಿ ಕಾಣುವುದು ಹೆಚ್ಚೆಂದೂ, ಮುಚ್ಚಿ ಎಳೆದಾಗ ಅಂದ ಉತ್ತಮವೆಂದೂ ಅಮೆರಿಕದಲ್ಲಿ 1995ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಅಂಗುಳಿನ ಕಡೆ ಹುದುಗಿದ್ದರೆ ಆತಂಕ ಕಡಿಮೆ. ಅಲ್ಲಿನ ಪೊರೆಯೆಲ್ಲ ದಪ್ಪ, ಗಟ್ಟಿ. ತೆರೆದು ಬಿಡುವುದೋ, ಮುಚ್ಚಿ ಎಳೆಯುವುದೋ ಎಂಬ ಪ್ರಶ್ನೆಗೆ ಒಂದು ಇನ್ನೊಂದಕ್ಕಿಂತ ಮೇಲೆಂದು ಹೇಳಲು ಆಧಾರವಿಲ್ಲವೆಂದು ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ ತಿಳಿಸಿದೆ.

ಶಸ್ತ್ರಚಿಕಿತ್ಸೆಯ ನಂತರ

ಕ್ಲಿಪ್ಪಿನ ಸುತ್ತ ಕೊಳೆ ನಿಂತರೆ ವಸಡು ಊದಿಕೊಂಡು ರಕ್ತ ಒಸರುತ್ತದೆ. ನೋವೆಂದು ಹಲ್ಲುಜ್ಜುವುದನ್ನೇ ಬಿಡುವುದು ತಪ್ಪು. ಗಾಯ ಮಾಯುವವರೆಗೆ ವೈದ್ಯರು ಹೇಳಿದಂತೆ ನಡೆದು, ಬಳಿಕ ಮೆದು ಬ್ರಷ್ಷಿನಿಂದ ದಿನಕ್ಕೆ ಎರಡು ಬಾರಿ ಉಜ್ಜಬೇಕು. ಅವಸರಪಟ್ಟು ಬಲವಾಗಿ ಎಳೆದರೆ ಮೂಳೆಗೂ ವಸಡಿಗೂ ಕೇಡು. ಆದ್ದರಿಂದಲೇ ಈ ಚಿಕಿತ್ಸೆ ಒಂದೆರಡು ವರ್ಷ ಹಿಡಿಯುತ್ತದೆ. ವಸಡು ಸರಿದೇ ಹೋದರೆ ಅಂಗುಳಿನ ಅಂಗಾಂಶ ತೆಗೆದು ಕಸಿ ಮಾಡುವ ಮಾರ್ಗವಿದೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಪೋಷಕರು ಮೂರು ಪ್ರಶ್ನೆ ಕೇಳಲಿ. ಹಲ್ಲು ತುಟಿಯ ಕಡೆಯೋ, ಅಂಗುಳಿನ ಕಡೆಯೋ? ಗಟ್ಟಿ ವಸಡು ಎಷ್ಟಿದೆ? ಪಕ್ಕದ ಬಾಚಿಹಲ್ಲಿನ ಬೇರು ಸವೆದಿದೆಯೇ? ಎಕ್ಸ್‌ರೇ, ಅಗತ್ಯಬಿದ್ದರೆ ಸಿಬಿಸಿಟಿ ಸ್ಕ್ಯಾನ್, ಜೊತೆಗೆ ವೈದ್ಯರ ಪರೀಕ್ಷೆ ಇವಕ್ಕೆ ಉತ್ತರ ನೀಡಬಲ್ಲವು. ಉತ್ತರ ಬೆಂಗಳೂರಿನವರಿಗೆ ಇದಕ್ಕಾಗಿ ದೂರ ಹೋಗಬೇಕಿಲ್ಲ. ಯಶವಂತಪುರ, ಹೆಬ್ಬಾಳದ ಕಡೆಯವರಿಗೆ ಎಂ.ಎಸ್. ರಾಮಯ್ಯ ನಗರದಲ್ಲಿ, ಯಲಹಂಕದವರಿಗೆ ಹುಣಸಮಾರನಹಳ್ಳಿಯಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ. ಹಲ್ಲು ಸರಿಪಡಿಸುವವರು, ಶಸ್ತ್ರಚಿಕಿತ್ಸಕರು, ವಸಡಿನ ತಜ್ಞರು ಇಂಥ ಕಡೆ ಒಂದೇ ಸೂರಿನಡಿ ಸಿಗುತ್ತಾರೆ.

ಎಲ್ಲಕ್ಕಿಂತ ಮಿಗಿಲಾದುದು ಮುನ್ನೆಚ್ಚರಿಕೆ. ಒಂಬತ್ತು, ಹತ್ತರ ವಯಸ್ಸಿಗೇ ಕೋರೆಹಲ್ಲಿನ ಉಬ್ಬು ವಸಡಿನ ಮೇಲೆ ಬೆರಳಿಗೆ ತಾಗಬೇಕು. ತಾಗದಿದ್ದರೆ ದಂತವೈದ್ಯರನ್ನು ಕಾಣಿ. ಸ್ವೀಡನ್ನಿನ ಇಬ್ಬರು ವೈದ್ಯರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಕಾಲಕ್ಕೆ ಹಾಲುಹಲ್ಲನ್ನು ಕಿತ್ತದ್ದರಿಂದಲೇ 46 ಕೋರೆಹಲ್ಲುಗಳಲ್ಲಿ 36 ಸರಿದಾರಿಗೆ ಬಂದಿದ್ದವು. ಆ ಮಕ್ಕಳ ವಯಸ್ಸು 10ರಿಂದ 13. ಆ ವಯಸ್ಸು ದಾಟುವ ಮುನ್ನ ಮಗುವಿನ ಬಾಯನ್ನು ಒಮ್ಮೆ ತೋರಿಸಿದರೆ, ವಸಡಿಗೆ ಕತ್ತರಿ ತಾಗುವ ಪ್ರಸಂಗವನ್ನೇ ತಪ್ಪಿಸಬಹುದು.