ನೆಲದ ಏಡಿ ಸಾರಜನಕದ ಕಸವನ್ನು ಹೊರಹಾಕುವ ಬಗೆ

ಮುಂಗಾರು ಹಿಡಿದೊಡನೆ ಹಳ್ಳದ ದಂಡೆಗಳಲ್ಲಿಯೂ ಒಡ್ಡುಗಳ ಮೇಲೆಯೂ ಏಡಿಗಳು ಹೊರಬೀಳುವುದನ್ನು ರೋಜಾ, ಕಮಲಾಪುರದ ಕಡೆಯ ರೈತ ಬಾಂಧವರು ಬಲ್ಲರು. ಬೇಸಿಗೆಯಲ್ಲಿ ಇವು ಹಸಿ ಸಿಗುವ ತನಕ ಬಿಲ ತೋಡಿ ಒಳಗಿರುತ್ತವೆ. ಒಡ್ಡಿಗೆ ತೂತು ಮಾಡುವುದರಿಂದ ಇವುಗಳ ಮೇಲೆ ನಮಗೆ ಸಿಟ್ಟುಂಟು. ಅದು ನ್ಯಾಯವೂ ಹೌದು. ಆದರೆ ಏಡಿಯ ಮೈಯೊಳಗಿನ ಒಂದು ವ್ಯವಹಾರ ನಮ್ಮ ಗೊಬ್ಬರದ ಲೆಕ್ಕಕ್ಕೆ ಹತ್ತಿರದ್ದಾದುದರಿಂದ ಇಲ್ಲಿ ತಿಳಿಸಲಾಗಿದೆ.

ತಿಂದ ಪ್ರೋಟೀನು ಮೈಯಲ್ಲಿ ಒಡೆದಾಗ ಸಾರಜನಕದ ಕಸ ಹುಟ್ಟುತ್ತದೆ. ಮೊದಲು ಹುಟ್ಟುವುದು ಅಮೋನಿಯ. ಬೆಳಗ್ಗೆ ಕೊಟ್ಟಿಗೆಯ ಬಾಗಿಲು ತೆರೆದಾಗ ಮೂಗಿಗೆ ಹೊಡೆಯುವ ಘಾಟು ಅದೇ. ಅದು ವಿಷ. ಒಂದು ಗ್ರಾಂ ಸಾರಜನಕವನ್ನು ಅಮೋನಿಯದ ರೂಪದಲ್ಲಿ ಹೊರಹಾಕಲು ಸುಮಾರು ಅರ್ಧ ಲೀಟರು ನೀರು ಬೇಕು. ನೀರಿನಲ್ಲಿರುವ ಏಡಿಗೆ ಇದೇನೂ ಕಷ್ಟವಲ್ಲ; ಅಮೋನಿಯವು ಕಿವಿರುಗಳಿಂದ ನೀರಿಗೆ ಇಳಿದುಹೋಗುತ್ತದೆ. ಹಳ್ಳದ ಏಡಿಯದೂ ಮುಖ್ಯವಾಗಿ ಇದೇ ದಾರಿ. ದನ ಅದನ್ನು ಯೂರಿಯ ಮಾಡಿ ಗಂಜಲದಲ್ಲಿ ಬಿಡುತ್ತದೆ. ಕೋಳಿ ಯೂರಿಕ್ ಆಮ್ಲ ಮಾಡಿ ಹಿಕ್ಕೆಯ ಮೇಲಿನ ಸುಣ್ಣದಂಥ ಬಿಳಿಯ ಭಾಗವಾಗಿ ಹಾಕುತ್ತದೆ. ಇದಕ್ಕೆ ನೀರು ಬಹಳ ಕಡಿಮೆ ಸಾಕು.

ಹಾಗಾದರೆ ನೆಲದ ಮೇಲೆಯೇ ಬಾಳುವ ಏಡಿ ಏನು ಮಾಡಬೇಕು? ಎಲ್ಲವೂ ಒಂದೇ ದಾರಿ ಹಿಡಿದಿಲ್ಲ. ನಮ್ಮ ದೇಶದ ಅಂಡಮಾನ್ ನಿಕೋಬಾರ್ ದ್ವೀಪಗಳಲ್ಲಿ ತೆಂಗಿನ ಏಡಿ ಎಂಬ ದೊಡ್ಡ ಜಾತಿಯೊಂದುಂಟು. ಬೆಳೆದ ಮೇಲೆ ಅದನ್ನು ನೀರಿನಲ್ಲಿ ಮುಳುಗಿಸಿಟ್ಟರೆ ಉಸಿರುಕಟ್ಟಿ ಸಾಯುತ್ತದೆ! ಅದು ಕೋಳಿಯಂತೆಯೇ ಬಹುಪಾಲು ಸಾರಜನಕವನ್ನು ಯೂರಿಕ್ ಆಮ್ಲವಾಗಿ ಹಿಕ್ಕೆಯೊಡನೆ ಹಾಕುತ್ತದೆಂದು ಗ್ರೀನವೇ ಮತ್ತು ಮಾರಿಸ್ ಎಂಬ ವಿಜ್ಞಾನಿಗಳು 1989ರಲ್ಲಿ ಪ್ರಕಟಿಸಿದರು. ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದ ಕೆಂಪು ಏಡಿ ಉದುರಿದ ಎಲೆಗಳನ್ನೇ ಹೆಚ್ಚಾಗಿ ತಿನ್ನುತ್ತದೆ. ಎಲೆಯಲ್ಲಿ ಸಾರಜನಕ ಕಡಿಮೆ, ಕಸವೂ ಕಡಿಮೆ. ಅದು ತನ್ನ ಮೂತ್ರವನ್ನು ಕಿವಿರುಗಳ ಕೋಣೆಗೆ ಹರಿಸಿ, ಉಪ್ಪನ್ನು ಮರಳಿ ಹೀರಿಕೊಂಡು, ಅಮೋನಿಯವನ್ನು ಅದಕ್ಕೆ ಸೇರಿಸಿ ಹೊರಗೆ ಬಿಡುತ್ತದೆ. ಅದೇ ದ್ವೀಪದಲ್ಲಿ ಮಾಂಸ ತಿನ್ನುವ ಇನ್ನೊಂದು ಚುರುಕಾದ ಏಡಿಯುಂಟು. ಅದು ಅಮೋನಿಯವನ್ನು ಗಾಳಿಯ ರೂಪದಲ್ಲಿಯೇ ಹಾರಿಸಿಬಿಡುತ್ತದೆ.

ಏಡಿಗೆ ಲಾಭವಾದ ಈ ಹಾರಾಟವೇ ನಮಗೆ ನಷ್ಟ. ನಮ್ಮ ಎರೆ ಭೂಮಿ ಸುಣ್ಣದ ಅಂಶವುಳ್ಳ ಕ್ಷಾರದ ಮಣ್ಣು. ಯೂರಿಯವನ್ನು ಮೇಲೆ ಚೆಲ್ಲಿ ಬಿಟ್ಟರೆ ಅದು ಅಮೋನಿಯವಾಗಿ, ಕ್ಷಾರದ ಕಾರಣದಿಂದ ಗಾಳಿಗೆ ಹೋಗುತ್ತದೆ. ಬಿಸಿಲು ಹೆಚ್ಚಿದಷ್ಟೂ ಹೋಗುವುದು ಹೆಚ್ಚು. ಆದುದರಿಂದ ಜೋಳಕ್ಕಾಗಲಿ ಕಬ್ಬಿಗಾಗಲಿ ಮೇಲುಗೊಬ್ಬರ ಕೊಡುವಾಗ ಸಾಲಿನ ಪಕ್ಕದಲ್ಲಿ ಎರಡು ಮೂರು ಅಂಗುಲ ಆಳಕ್ಕೆ ಹಸಿ ಮಣ್ಣಿನಲ್ಲಿ ಹಾಕಿ ಮುಚ್ಚಬೇಕು; ಇಲ್ಲವೆ ಚೆಲ್ಲಿದ ದಿನವೇ ಎಡೆ ಹೊಡೆಯಬೇಕು.

ದನದ ಗಂಜಲಕ್ಕೂ ಇದೇ ಮಾತು. ಕಮಲಾಪುರದ ಕೆಂಪು ಬಾಳೆಯ ತೋಟಕ್ಕೆಂದು ಒಟ್ಟಿದ ತಿಪ್ಪೆ ಘಾಟು ಹೊಡೆಯುತ್ತಿದ್ದರೆ ಅದರೊಳಗಿನ ಸಾರಜನಕ ಹೋಗುತ್ತಿದೆ ಎಂದೇ ತಿಳಿಯಿರಿ. ಕೊಟ್ಟಿಗೆಯಲ್ಲಿ ಒಣ ಮಣ್ಣನ್ನೋ ದನ ತಿಂದು ಬಿಟ್ಟ ಕಣಿಕೆಯ ತುಣುಕನ್ನೋ ಹಾಸಿರಿ. ನೆನೆದದ್ದನ್ನು ಪ್ರತಿದಿನ ಬೆಳಗ್ಗೆ ಗುಂಡಿಗೆ ಹಾಕಿ, ಮೇಲೆ ನಾಲ್ಕು ಬುಟ್ಟಿ ಮಣ್ಣು ಮುಚ್ಚಿರಿ.