ಗಾಳಿ ಹೆಚ್ಚಿದರೆ ಸಾಲದು, ಪೆಟ್ರೋಲೂ ಹೆಚ್ಚಬೇಕು

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟ ಹತ್ತುವ ಹಳೆಯ ಕಾರು ಅರ್ಧ ದಾರಿಗೇ ಏದುಸಿರು ಬಿಡುತ್ತದೆ. ಅದಕ್ಕೆ ಏರು ಮಾತ್ರ ಕಾರಣವಲ್ಲ. ಬೆಟ್ಟದ ಮೇಲಿನ ದೇವಸ್ಥಾನ ಸಮುದ್ರಮಟ್ಟದಿಂದ ಸುಮಾರು ಐದು ಸಾವಿರ ಅಡಿ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು. ಒಂದೊಂದು ಉಸಿರಿಗೂ ಎಂಜಿನ್ನಿಗೆ ಸಿಗುವ ಆಮ್ಲಜನಕ ಕಡಿಮೆಯಾಗಿ, ಶಕ್ತಿ ಸುಮಾರು ಶೇ 15ರಷ್ಟು ಕುಗ್ಗುತ್ತದೆ.

ಟರ್ಬೊ ಇರುವ ಕಾರಿಗೆ ಈ ಕಷ್ಟ ಅಷ್ಟಾಗಿ ತಟ್ಟುವುದಿಲ್ಲ. ವ್ಯರ್ಥವಾಗಿ ಹೊರಹೋಗುವ ಬಿಸಿ ಹೊಗೆಯಿಂದ ಪುಟ್ಟ ಚಕ್ರವೊಂದನ್ನು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನವೇ ಟರ್ಬೊ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಇಂದು ಸಾಧಾರಣ ಬೆಲೆಯ ಕಾರುಗಳಲ್ಲೂ ಇದು ಬಂದಿದೆ.

ಜೊತೆಗೆ ಒಂದು ಆಸೆಯೂ ಬಂದಿದೆ. ಲ್ಯಾಪ್‌ಟಾಪ್ ಜೋಡಿಸಿ ಟರ್ಬೊ ಒತ್ತಡವನ್ನು ಇನ್ನಷ್ಟು ಏರಿಸಿದರೆ 100 ಅಶ್ವಶಕ್ತಿಯ ಕಾರು 150 ಅಶ್ವಶಕ್ತಿಯದಾಗದೇ? ಆಗಬಹುದು. ಆದರೆ ಅದು ಎಷ್ಟು ಹೊತ್ತು ಬಾಳುತ್ತದೆ ಎಂಬುದನ್ನು ತೀರ್ಮಾನಿಸುವುದು ಟರ್ಬೊ ಅಲ್ಲ, ಪೆಟ್ರೋಲಿನ ಕೊಳವೆ.

ಒಲೆಯ ಲೆಕ್ಕ

ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೊ ಗಾಳಿ ಬೇಕು. ಟರ್ಬೊ ಎಂಜಿನ್ ಪೂರ್ಣ ಬಲದಲ್ಲಿ ದುಡಿಯುವಾಗ ಎಂಜಿನಿಯರುಗಳು ಸುಮಾರು 12 ಕಿಲೊ ಗಾಳಿಗೇ ಒಂದು ಕಿಲೊ ಪೆಟ್ರೋಲ್ ಕೊಡುತ್ತಾರೆ. ಇದು ದುಂದುಗಾರಿಕೆಯಲ್ಲ. ಹೆಚ್ಚಿನ ಪೆಟ್ರೋಲ್ ಆವಿಯಾಗುತ್ತಾ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹೂಜಿ ನೀರನ್ನು ತಂಪಾಗಿಡುವುದು ಇದೇ ತತ್ವದಿಂದ.

ಗಾಳಿ ಹೆಚ್ಚಾಗಿ ಪೆಟ್ರೋಲ್ ಅಷ್ಟೇ ಉಳಿದರೆ ಈ ತಂಪು ತಪ್ಪುತ್ತದೆ. ಕಿಡಿ ಹೊತ್ತಿಸಿದ ಜ್ವಾಲೆ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಸಿಡಿಯುತ್ತದೆ. ಇದನ್ನೇ ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು. ಸಿಲಿಂಡರಿನ ಜ್ವಾಲೆ 2,000 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಪಿಸ್ಟನ್ನಿನ ಮೂಲವಸ್ತುವಾದ ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಈ ಎರಡರ ನಡುವೆ ಇರುವ ರಕ್ಷಣೆಗಳಲ್ಲಿ ಸರಿಯಾದ ಪೆಟ್ರೋಲ್ ಪ್ರಮಾಣ ಮುಖ್ಯವಾದದ್ದು. ಅದು ತಪ್ಪಿದರೆ ಪಿಸ್ಟನ್ ತೂತಾಗಲು ಕೆಲವೇ ಕ್ಷಣ ಸಾಕು.

ಶಕ್ತಿಯ ಅಳತೆ ಇಂಧನದಲ್ಲೇ ಇದೆ ಎಂಬುದನ್ನು ಫಾರ್ಮುಲಾ ಒನ್ ಒಪ್ಪಿಕೊಂಡದ್ದು 2014ರಲ್ಲಿ. ಆ ವರ್ಷ ಟರ್ಬೊ ಎಂಜಿನ್‌ಗಳು ಮರಳಿ ಬಂದಾಗ, ಗಂಟೆಗೆ 100 ಕಿಲೊಗಿಂತ ಹೆಚ್ಚು ಇಂಧನ ಹರಿಯಬಾರದು ಎಂಬ ನಿಯಮವೂ ಬಂತು. ಮೆಲ್ಬರ್ನ್‌ನ ಮೊದಲ ಪಂದ್ಯದಲ್ಲೇ ಎರಡನೆಯವನಾಗಿ ಬಂದ ಡೇನಿಯಲ್ ರಿಕಾರ್ಡೊ, ತನ್ನ ಕಾರು ಈ ಮಿತಿ ಮೀರಿದ್ದರಿಂದ ಅನರ್ಹನಾದ.

ಕಾಗದದ ಮೇಲೆ ಮೊದಲು

ಪಿಯುಸಿ ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕ ಇದು. ಟರ್ಬೊ ಪೆಟ್ರೋಲ್ ಎಂಜಿನ್ ಪೂರ್ಣ ಬಲದಲ್ಲಿ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಬೇಡುತ್ತದೆ. 150 ಅಶ್ವಶಕ್ತಿಗೆ ಸುಮಾರು 40 ಕಿಲೊ, ಅಂದರೆ 55 ಲೀಟರ್. ನಾಲ್ಕು ಇಂಜೆಕ್ಟರುಗಳಿಗೆ ಹಂಚಿದರೆ ಒಂದಕ್ಕೆ ನಿಮಿಷಕ್ಕೆ ಸುಮಾರು 230 ಮಿಲಿಲೀಟರ್. ಇಂಜೆಕ್ಟರ್ ಸದಾ ತೆರೆದೇ ಇರುವಂತಿಲ್ಲ. ಹೆಚ್ಚೆಂದರೆ ಶೇ 80ರಷ್ಟು ಕಾಲ ಎಂದಿಟ್ಟುಕೊಂಡರೆ 285 ಮಿಲಿಲೀಟರ್ ಸಾಮರ್ಥ್ಯದ್ದು ಬೇಕು. ಇದೇ ರೀತಿ ಲೆಕ್ಕ ಹಾಕಿದರೆ 100 ಅಶ್ವಶಕ್ತಿಗೆ 190 ಮಿಲಿಲೀಟರಿನದು ಸಾಕು. ಕಾರಿನ ಮೂಲ ಇಂಜೆಕ್ಟರ್ ಏಕೆ ಸಾಲದೆ ಹೋಗಬಹುದು ಎಂಬುದು ಇಲ್ಲಿ ಸ್ಪಷ್ಟ.

ಈಗ ಇದಕ್ಕೆ ಕಬ್ಬಿನ ಲೆಕ್ಕವನ್ನೂ ಕೂಡಿಸಬೇಕು. ಕೊಳ್ಳೇಗಾಲ, ಯಳಂದೂರಿನ ಗದ್ದೆಗಳಲ್ಲೂ ಕಾಣುವ ಈ ಬೆಳೆಯಿಂದ ಬರುವ ಎಥನಾಲ್ ಇಂದು ಬಂಕಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಬೆರೆತಿರುತ್ತದೆ. ಎಥನಾಲ್ ನಾಕಿಂಗ್ ತಡೆಯುವುದರಲ್ಲಿ ಗಟ್ಟಿಗ. ಆದರೆ ಒಂದು ಕಿಲೊ ಎಥನಾಲಿಗೆ ಬೇಕಾದ ಗಾಳಿ ಕೇವಲ 9 ಕಿಲೊ. ಆದ್ದರಿಂದ ಅಷ್ಟೇ ಗಾಳಿಗೆ ಇಂಧನ ಸುಮಾರು ಶೇ 8ರಷ್ಟು ಹೆಚ್ಚು ಬೇಕು. ನಮ್ಮ 285 ಸುಮಾರು 310 ಆಗುತ್ತದೆ. ಹಳೆಯ ಕಾರಾದರೆ ರಬ್ಬರ್ ಕೊಳವೆ, ಸೀಲುಗಳು ಎಥನಾಲನ್ನು ತಡೆಯುತ್ತವೆಯೇ ಎಂದೂ ನೋಡಬೇಕು.

ಪಂಪು, ಕೊಳವೆ, ತಿರುವು

ಇಂಜೆಕ್ಟರ್ ದೊಡ್ಡದಾದರೆ ಸಾಲದು, ಅದಕ್ಕೆ ಒದಗಿಸುವ ಪಂಪೂ ಸಮರ್ಥವಾಗಿರಬೇಕು. ಗಾಳಿಯ ಕೊಳವೆಗೇ ಪೆಟ್ರೋಲ್ ಚಿಮುಕಿಸುವ ಎಂಜಿನ್‌ಗಳಲ್ಲಿ ಇಂಧನದ ಒತ್ತಡ ಸಾಮಾನ್ಯವಾಗಿ 3 ಬಾರ್. ಟರ್ಬೊ ಅದೇ ಕೊಳವೆಯಲ್ಲಿ 1 ಬಾರ್ ಒತ್ತಡ ಹುಟ್ಟಿಸಿದಾಗ ಇಂಧನವನ್ನು 4 ಬಾರ್‌ಗೆ ಏರಿಸುವ ರೆಗ್ಯುಲೇಟರ್ ಬೇಕು. ಇಲ್ಲದಿದ್ದರೆ ಹೆಚ್ಚು ಬೇಕಾದ ಹೊತ್ತಿಗೇ ಇಂಜೆಕ್ಟರ್ ಸುಮಾರು ಶೇ 18ರಷ್ಟು ಕಡಿಮೆ ಕೊಡುತ್ತದೆ. ಒತ್ತಡ ಏರಿದಂತೆ ಪಂಪಿನ ಹರಿವು ಇಳಿಯುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ಅಂಕಿಯನ್ನಲ್ಲ, 4 ಬಾರ್‌ನಲ್ಲಿ ಅದು ಎಷ್ಟು ಕೊಡುತ್ತದೆ ಎಂಬುದನ್ನು ನೋಡಿ ಕೊಳ್ಳಬೇಕು. ಪಂಪಿಗೆ ದಪ್ಪ ತಂತಿ, ಬೇರೆಯೇ ರಿಲೇ, ಹೊಸ ಫಿಲ್ಟರ್ ಬೇಕು. ಸಿಲಿಂಡರಿನೊಳಕ್ಕೇ ಚಿಮುಕಿಸುವ ಹೊಸ ಎಂಜಿನ್‌ಗಳಲ್ಲಿ ಒತ್ತಡ 200 ಬಾರ್ ಮೀರುವುದರಿಂದ ಕೆಲಸವೂ ಖರ್ಚೂ ಇನ್ನಷ್ಟು.

ರೇಸ್ ಟ್ರ್ಯಾಕ್‌ಗೇ ವಿಶೇಷವಾದ ಇನ್ನೊಂದು ಸಮಸ್ಯೆ ಇದೆ. ಬಿಂದಿಗೆ ಹೊತ್ತು ಓಡಿದರೆ ನೀರು ತುಳುಕುವಂತೆ, ಉದ್ದನೆಯ ತಿರುವಿನಲ್ಲಿ ಟ್ಯಾಂಕಿನ ಪೆಟ್ರೋಲ್ ಒಂದು ಬದಿಗೆ ಸರಿಯುತ್ತದೆ. ಪಂಪು ಗಾಳಿ ಹೀರುತ್ತದೆ. ಪೂರ್ಣ ಬಲದಲ್ಲಿ ಅರ್ಧ ಸೆಕೆಂಡ್ ಹೀಗಾದರೂ ಅಪಾಯ. ಅದಕ್ಕೇ ಟ್ರ್ಯಾಕ್ ಕಾರುಗಳಲ್ಲಿ ಸದಾ ತುಂಬಿರುವ ಸಣ್ಣ ಮಧ್ಯಂತರ ಟ್ಯಾಂಕ್ ಇರುತ್ತದೆ. ಕೊಳವೆಗಳನ್ನು ಕೆಂಪಗೆ ಕಾಯುವ ಟರ್ಬೊದಿಂದ ದೂರ ಎಳೆದಿರುತ್ತಾರೆ. ಒಂದು ಹನಿ ಸೋರಿದರೂ ಬೆಂಕಿ.

ಕೆಲಸದ ಕ್ರಮವೂ ಮುಖ್ಯ. ಮೊದಲು ಅಳತೆ: ಹೊಗೆಯಲ್ಲಿನ ಆಮ್ಲಜನಕ ಹಾಗೂ ಇಂಧನದ ಒತ್ತಡವನ್ನು ದಾಖಲಿಸುವ ಸಂವೇದಕಗಳು. ನಂತರ ಪಂಪು, ಕೊಳವೆ, ಇಂಜೆಕ್ಟರ್, ರೆಗ್ಯುಲೇಟರ್. ಆಮೇಲೆ ಎಂಜಿನ್ನಿನ ಕಂಪ್ಯೂಟರನ್ನು ಡೈನಮೋಮೀಟರ್ ಮೇಲೆ ಹೊಂದಿಸುವುದು. ಇಂಧನದ ಒತ್ತಡ ಕುಸಿದರೆ ಟರ್ಬೊ ಒತ್ತಡವನ್ನು ತಾನಾಗಿ ಇಳಿಸುವ ಏರ್ಪಾಡೂ ಆಗಬೇಕು. ಟರ್ಬೊ ಒತ್ತಡ ಏರಿಸುವುದು ಎಲ್ಲಕ್ಕಿಂತ ಕೊನೆಗೆ. ಆತುರಗಾರರು ಮೊದಲು ಮಾಡುವುದು ಇದನ್ನೇ.

ಡೀಸೆಲ್ ವಾಹನದ ಲೆಕ್ಕ ಬೇರೆ. ಹನೂರು ದಾಟಿ ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟ ಹತ್ತುವ ಲಾರಿಯೊಂದು ಕಪ್ಪು ಹೊಗೆ ಉಗುಳಿದರೆ, ಗಾಳಿಗಿಂತ ಡೀಸೆಲ್ ಹೆಚ್ಚಾಗಿದೆ ಎಂದೇ ಅರ್ಥ. ಪೆಟ್ರೋಲ್ ಎಂಜಿನ್ ಇಂಧನ ಕಡಿಮೆಯಾದಾಗ ಕಾದರೆ, ಡೀಸೆಲ್ ಎಂಜಿನ್ ಇಂಧನ ಹೆಚ್ಚಾದಾಗ ಕಾಯುತ್ತದೆ.

ಓಡಿಸುವುದು ಎಲ್ಲಿ?

ಇಂಥ ಕಾರು ಊರ ರಸ್ತೆಗಲ್ಲ. ತಯಾರಕರು ಕೊಟ್ಟ ಸ್ವರೂಪವನ್ನು ಅಕ್ರಮವಾಗಿ ಬದಲಿಸಿದ ಮಾಲೀಕರಿಗೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ವಿಧಿಸಬಹುದು ಎನ್ನುತ್ತದೆ. ಅಪ್ರಾಪ್ತ ವಯಸ್ಸಿನ ಮಗ ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಕಾಯ್ದೆಯ ಮಾತು ಬಿಟ್ಟರೂ, ಆನೆ ಜಿಂಕೆಗಳು ದಾಟುವ ಕಾಡಿನ ದಾರಿ, ಕಬ್ಬಿನ ಗಾಡಿಗಳು ಸಾಗುವ ಹೆದ್ದಾರಿ ವೇಗ ಪರೀಕ್ಷೆಯ ಜಾಗವಲ್ಲ.

ಪರೀಕ್ಷೆಯ ಜಾಗ ತೀರಾ ದೂರವೂ ಇಲ್ಲ. ಕೊಳ್ಳೇಗಾಲ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದೇ ಕೊಯಮತ್ತೂರು ಇಂದು ದೇಶದ ಮೋಟಾರು ಕ್ರೀಡೆಯ ತವರು. 2005ರಲ್ಲಿ ಫಾರ್ಮುಲಾ ಒನ್‌ಗೆ ಇಳಿದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ಅಲ್ಲಿಯವರು. ರೇಸ್ ಕಾರುಗಳನ್ನು ಇಲ್ಲೇ ಕಟ್ಟಿ ತೋರಿಸಿ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಅವರ ಹೆಸರಿನ ಕರಿ ಮೋಟಾರ್ ಸ್ಪೀಡ್‌ವೇ ಅಲ್ಲೇ ಚೆಟ್ಟಿಪಾಳ್ಯಂನಲ್ಲಿದೆ. ಕೊಳ್ಳೇಗಾಲ, ಯಳಂದೂರು ಹಾದು ಚಾಮರಾಜನಗರ, ದಿಂಬಂ ಘಟ್ಟದ ಮೂಲಕ ಇಳಿಯುವ ಹೆದ್ದಾರಿಯೇ ಅಲ್ಲಿಗೂ ಮುಟ್ಟಿಸುತ್ತದೆ.

ಕಾಲೇಜು ತಂಡಗಳು ತಾವೇ ಕಟ್ಟಿದ ಕಾರು ಓಡಿಸುವ ಫಾರ್ಮುಲಾ ಭಾರತ್ ಸ್ಪರ್ಧೆ ನಡೆದಿರುವುದೂ ಇದೇ ಟ್ರ್ಯಾಕ್‌ನಲ್ಲಿ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 2003ರಲ್ಲೇ ಅಶ್ವ ರೇಸಿಂಗ್ ತಂಡ ಕಟ್ಟಿದರು. ಇಂಥ ಸ್ಪರ್ಧೆಗಳಲ್ಲಿ ಪೆಟ್ರೋಲ್ ಎಂಜಿನ್ ಉಸಿರಾಡಬೇಕಾದದ್ದು 20 ಮಿಲಿಮೀಟರ್ ವ್ಯಾಸದ ಒಂದೇ ಕಿಂಡಿಯ ಮೂಲಕ. ಎಷ್ಟು ದೊಡ್ಡ ಟರ್ಬೊ ಇಟ್ಟರೂ ಅದಕ್ಕಿಂತ ಹೆಚ್ಚು ಗಾಳಿ ಬಾರದು. ಅಲ್ಲಿ ಗೆಲ್ಲುವುದು ಹಣದ ಬಲವಲ್ಲ, ಗಾಳಿ ಮತ್ತು ಇಂಧನವನ್ನು ಸರಿದೂಗಿಸುವ ಲೆಕ್ಕ.

ವೇಗದ ಹುಚ್ಚು ಹಿಡಿದ ಮಗನಿಗೆ ಅಥವಾ ಮಗಳಿಗೆ ಬರೀ ‘ಬೇಡ’ ಎನ್ನುವ ಬದಲು ಕಾಗದ, ಪೆನ್ಸಿಲ್ ಕೊಟ್ಟು ಈ ಲೆಕ್ಕ ಹಾಕಿಸಬಹುದು. ಲೆಕ್ಕ ರುಚಿಸಿದವರಿಗೆ ಎಂಜಿನಿಯರಿಂಗ್ ಕಾಲೇಜಿನ ಬಾಗಿಲು ತೆರೆದಿದೆ. ಲೆಕ್ಕ ಬೇಡ, ವೇಗ ಮಾತ್ರ ಸಾಕು ಎನ್ನುವವರ ಕೈಗೆ ಕಾರಿನ ಕೀಲಿ ಕೊಡದಿರುವುದೇ ಲೇಸು.