ಹುಟ್ಟಿದ ಮನೆಗೆ 180 ದಿನದ ಗಡುವು

2024ರ ಏಪ್ರಿಲ್ 26. ಲೋಕಸಭಾ ಚುನಾವಣೆಯ ದಿನ. ನನ್ನ ಜೀವನದ ಮೊದಲ ಮತ. ಅಜ್ಜಿಯನ್ನು ಆಟೊದಲ್ಲಿ ಕೂರಿಸಿಕೊಂಡು ಹಿರಿಯೂರು ತಾಲ್ಲೂಕಿನ ನಮ್ಮೂರ ಶಾಲೆಗೆ ಹೋದೆವು. ಜೊತೆಗೆ ದೊಡ್ಡಪ್ಪನೂ ಬಂದಿದ್ದರು. ನಾವು ಸಾಲಿನಲ್ಲಿ ನಿಂತರೆ ಅವರು ದೂರದ ಹೊಂಗೆ ಮರದ ಕೆಳಗೆ ಕುಳಿತರು.

‘ನೀನೂ ಬಾರೋ, ಒತ್ತಿ ಹೋಗೋಣ’ ಎಂದು ಅಜ್ಜಿ ಕೂಗಿದಳು.

‘ನಂಗೆ ಇಲ್ಲಿ ಓಟಿಲ್ಲ ಕಣವ್ವ.’

‘ಅದ್ಯಾಕಿಲ್ಲ? ನೀನು ಅಕ್ಷರ ಕಲ್ತಿದ್ದು ಇದೇ ಸ್ಕೂಲಲ್ಲಿ ಅಲ್ವೇನೋ?’

ದೊಡ್ಡಪ್ಪ ನಕ್ಕು ಸುಮ್ಮನಾದರು. ಆ ನಗು ಯಾಕೋ ನನಗೆ ಸರಿ ಕಾಣಲಿಲ್ಲ.

ದೊಡ್ಡಪ್ಪ 1985ರಲ್ಲಿ ಅಮೆರಿಕಕ್ಕೆ ಹೋದವರು. ಅಲ್ಲೇ ಕೆಲಸ, ಅಲ್ಲೇ ಸಂಸಾರ. 1997ರಲ್ಲಿ ಅಲ್ಲಿನ ಪೌರತ್ವವನ್ನೂ ಪಡೆದರು. ನಮ್ಮ ದೇಶದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ ಭಾರತದ ಪೌರತ್ವ ಹೋಗುತ್ತದೆ. ಯಾರೂ ಪತ್ರ ಬರೆದು ತಿಳಿಸುವುದಿಲ್ಲ, ತಾನಾಗಿಯೇ ಹೋಗುತ್ತದೆ. ದೊಡ್ಡಮ್ಮ ತೀರಿಕೊಂಡರು, ದೊಡ್ಡಪ್ಪ ನಿವೃತ್ತರಾದರು. ಇನ್ನು ಊರಲ್ಲೇ ಇರೋಣ ಎಂದು 2023ರ ನವೆಂಬರ್ ಕೊನೆಗೆ ಇ-ಟೂರಿಸ್ಟ್ ವೀಸಾದಲ್ಲಿ ಬಂದಿಳಿದರು. ಅಮೆರಿಕದ ಪಾಸ್‌ಪೋರ್ಟ್ ಇರುವವರು ಆ ವೀಸಾದಲ್ಲಿ ಒಂದು ಸಲಕ್ಕೆ ಹೆಚ್ಚೆಂದರೆ 180 ದಿನ ಇರಬಹುದು. ಹುಟ್ಟಿ ಬೆಳೆದ ಮನೆಗೆ ದೊಡ್ಡಪ್ಪ ಪ್ರವಾಸಿಯಾಗಿ ಬಂದಿದ್ದರು!

ಮೊದಲ ಪಾಠ ಬಂದ ದಿನವೇ ಆಯಿತು. ವಿದೇಶಿಯರು ಎಲ್ಲಿ ತಂಗಿದರೂ, ಹೋಟೆಲ್ ಆಗಲಿ, ಮನೆಯಾಗಲಿ, 24 ಗಂಟೆಯೊಳಗೆ ‘ಫಾರ್ಮ್ ಸಿ’ ಎಂಬ ಮಾಹಿತಿಯನ್ನು ಆಗ ಆನ್‌ಲೈನ್‌ನಲ್ಲಿ ಕೊಡಬೇಕಿತ್ತು. ಬೆಂಗಳೂರಿನಂಥ ಕಡೆ ಇದಕ್ಕೆ ಎಫ್‌ಆರ್‌ಆರ್‌ಒ ಕಚೇರಿ ಇದೆ. ನಮ್ಮಂಥ ಜಿಲ್ಲೆಗಳಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯೇ ವಿದೇಶಿಯರ ನೋಂದಣಿ ಅಧಿಕಾರಿ. ಫಾರ್ಮ್ ತುಂಬಲು ನಾನು ಕೂತೆ. ಅತಿಥಿಯ ಹೆಸರು, ರಾಷ್ಟ್ರೀಯತೆ, ಉಳಿಯುವ ವಿಳಾಸ ಎಂದೆಲ್ಲ ಕೇಳುತ್ತದೆ. ಅಜ್ಜ ಕಟ್ಟಿಸಿದ ಮನೆಯಲ್ಲಿ ಅಜ್ಜನ ಹಿರಿಮಗನೇ ಅತಿಥಿ.

ದೊಡ್ಡಪ್ಪನಿಗೆ ಬೇಕಾಗಿದ್ದದ್ದು ಒಸಿಐ ಕಾರ್ಡ್. ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್ ಇದು. ಹೆಸರಿನಲ್ಲಿ ‘ಸಿಟಿಜನ್’ ಎಂಬ ಪದ ಇದ್ದರೂ ಪೌರತ್ವ ಅಲ್ಲ, ಜೀವನಪೂರ್ತಿ ಬಂದುಹೋಗುವ, ಬೇಕಾದಷ್ಟು ದಿನ ಇರುವ ಅನುಮತಿ ಅಷ್ಟೇ. ಆಗಾಗ ರಜೆಗೆ ಬಂದು ಹೋಗುತ್ತಿದ್ದ ಕಾಲದಲ್ಲಿ ‘ಆಮೇಲೆ ಮಾಡಿಸಿದರಾಯಿತು’ ಎಂದು ಬಿಟ್ಟಿದ್ದರಂತೆ. ಈಗ ಅದಕ್ಕೆ ಒಂದು ಕಾಲದಲ್ಲಿ ಭಾರತೀಯರಾಗಿದ್ದೆವು ಎಂಬ ದಾಖಲೆ ಬೇಕು. ಹಳೆಯ ಭಾರತೀಯ ಪಾಸ್‌ಪೋರ್ಟ್ ಇದ್ದರೆ ಕೆಲಸ ಸುಲಭ. ದೊಡ್ಡಪ್ಪನ ಪಾಸ್‌ಪೋರ್ಟ್ ಎಲ್ಲಿ ಹೋಯಿತೋ ಅವರಿಗೇ ನೆನಪಿರಲಿಲ್ಲ.

ಅಜ್ಜಿಯ ಕೋಣೆಯಲ್ಲಿ ದೊಡ್ಡ ಅಂಕಿಯ ಕ್ಯಾಲೆಂಡರ್ ಇದೆ. ಅವಳಿಗೆ ವೀಸಾ ಗೊತ್ತಿಲ್ಲ, ‘ಗಡುವು’ ಗೊತ್ತು. ಮಗ ಹೊರಡುವ ದಿನಕ್ಕೆ ಕುಂಕುಮದ ಬೊಟ್ಟಿಟ್ಟಿದ್ದಳು. ಮೇ ಮೂರನೇ ವಾರ ದೊಡ್ಡಪ್ಪ ಹೊರಟರು. ಕಾರು ಹತ್ತುವಾಗ 88ರ ಅಜ್ಜಿ ಕೈ ಹಿಡಿದು, ‘ನಿನ್ನ ಮನೇಲಿ ನೀನಿರಾಕೆ ಯಾರಪ್ಪಣೆ ಬೇಕಂತೆ ಮಗಾ?’ ಎಂದಳು. ಅಮೆರಿಕದಿಂದಲೇ ಅರ್ಜಿ ಹಾಕುವುದು, ಇಲ್ಲಿನ ಕಾಗದಗಳನ್ನು ನಾನು ಹೊಂದಿಸುವುದು ಎಂದು ತೀರ್ಮಾನವಾಯಿತು. ಬಿಇ ಓದುವವನಿಗೆ ಫಾರ್ಮ್ ತುಂಬುವುದೇನು ಮಹಾ ಎಂದುಕೊಂಡೆ. ಆ ಜಂಬ ಒಂದೇ ವಾರದಲ್ಲಿ ಇಳಿಯಿತು.

ಪಾಸ್‌ಪೋರ್ಟ್ ಸಿಗದಿದ್ದರೆ ಬೇರೇನಾದರೂ ಬೇಕಲ್ಲ? ಮೊದಲ ಬಾಣಂತನ ತವರಿನಲ್ಲಿ ಎಂಬುದು ನಮ್ಮ ಪದ್ಧತಿ. ಹಾಗಾಗಿ ದೊಡ್ಡಪ್ಪ ಹುಟ್ಟಿದ್ದು ಹೊಳಲ್ಕೆರೆ ತಾಲ್ಲೂಕಿನ, ಅಡಿಕೆ ತೋಟಗಳ ನಡುವಿನ ಅಜ್ಜಿಯ ತವರೂರಿನಲ್ಲಿ. ಮನೆಯಲ್ಲೇ ಹೆರಿಗೆ, ಸೂಲಗಿತ್ತಿಯೇ ಡಾಕ್ಟರ್. 1957ರಲ್ಲಿ ಯಾರೂ ಬರೆಸಿರಲಿಲ್ಲ. ಹೊಳಲ್ಕೆರೆಯಲ್ಲಿ ನನಗೆ ಸಿಕ್ಕಿದ್ದು ‘ಜನನದ ದಾಖಲೆ ಲಭ್ಯವಿಲ್ಲ’ ಎಂಬ ಪತ್ರ. ಹುಟ್ಟಿದ್ದಾರೆ ಎನ್ನುವುದಕ್ಕಲ್ಲ, ಹುಟ್ಟಿದ್ದು ಬರೆದಿಲ್ಲ ಎನ್ನುವುದಕ್ಕೆ ದಾಖಲೆ! ಅದಕ್ಕೂ ಬೆಲೆ ಇದೆ ಎಂದು ಅಲ್ಲಿನ ಗುಮಾಸ್ತರು ಹೇಳಿದಾಗಲೇ ನನಗೆ ಗೊತ್ತಾಗಿದ್ದು.

ಅಲ್ಲಿಂದ ಹೊಸದುರ್ಗ. ದೊಡ್ಡಪ್ಪ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದಿದ ಊರು. ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರಿನಲ್ಲಿ ಹುಟ್ಟಿದ ದಿನ ಜೂನ್ 1. ಅಜ್ಜಿಯನ್ನು ಕೇಳಿದರೆ ‘ಮಾರಿಹಬ್ಬದ ಮಾರನೇ ದಿನ’ ಎನ್ನುತ್ತಾಳೆ. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ವಯಸ್ಸು ಸರಿಹೊಂದಲೆಂದು ಬರೆದ ತಾರೀಖು ಅದು. ನಿಮ್ಮ ಮನೆಯ ಹಿರಿಯರ ಆಧಾರ್ ತೆಗೆದು ನೋಡಿ, ಇಂಥ ಜೂನ್ 1 ಒಂದಾದರೂ ಸಿಗುತ್ತದೆ. ಚಿತ್ರದುರ್ಗದ ಕಾಲೇಜಿನ ಟಿಸಿಯಲ್ಲೂ ಅದೇ ತಾರೀಖು ಇತ್ತು. ಸದ್ಯ, ಮೇಷ್ಟ್ರ ಸುಳ್ಳು ಎಲ್ಲ ಕಡೆ ಒಂದೇ ಆಗಿತ್ತು!

ನಿಜವಾದ ತೊಡಕು ಹೆಸರಿನದು. ನಮ್ಮ ಕಡೆ ಹೆಸರಿನ ಮುಂದೆ ಎರಡು ಇನಿಷಿಯಲ್ ಇರುತ್ತವೆ. ಮೊದಲನೆಯದು ಊರು, ಎರಡನೆಯದು ಅಪ್ಪ. ಅಮೆರಿಕದಲ್ಲಿ ಸರ್‌ನೇಮ್ ಬೇಕೇ ಬೇಕು ಎಂದಾಗ ದೊಡ್ಡಪ್ಪ ಅಜ್ಜನ ಹೆಸರನ್ನು ಕೊನೆಗೆ ಹಾಕಿದರು. ಅಲ್ಲಿಂದ ಆಫೀಸಿನಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಎಲ್ಲರೂ ಕರೆದದ್ದು ಅಜ್ಜನ ಹೆಸರನ್ನೇ. ಚಳ್ಳಕೆರೆ ದಾಟಿ ಹೋಗದ ನಮ್ಮಜ್ಜ ಅಮೆರಿಕದಲ್ಲಿ ನಲವತ್ತು ವರ್ಷ ‘ಮಿಸ್ಟರ್’ ಆಗಿದ್ದ! ಶಾಲೆಯ ದಾಖಲೆಯಲ್ಲಿ ಇನಿಷಿಯಲ್, ಅಮೆರಿಕದ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್. ಇಬ್ಬರೂ ಒಬ್ಬರೇ ಎಂದು ಹೇಳಲು ಅಫಿಡವಿಟ್ ಬೇಕು. ಆನ್‌ಲೈನ್ ಅರ್ಜಿಯನ್ನು ವಿಡಿಯೊ ಕಾಲ್‌ನಲ್ಲಿ ಕೇಳಿಕೊಂಡು ತುಂಬಿದ್ದು ನಾನೇ. ಎಡವಿದ್ದೂ ನಾನೇ. ಸರ್‌ನೇಮ್ ಜಾಗದಲ್ಲಿ ಊರಿನ ಹೆಸರು ಹಾಕಿ ಸಬ್‌ಮಿಟ್ ಒತ್ತಿಬಿಟ್ಟೆ. ತಿದ್ದಲು ಆಗಲಿಲ್ಲ, ಮೊದಲಿನಿಂದ ತುಂಬಬೇಕಾಯಿತು. ಲ್ಯಾಬಿನಲ್ಲಿ ಪ್ರೋಗ್ರಾಂ ತಪ್ಪಿದರೆ ಮತ್ತೆ ರನ್ ಮಾಡುತ್ತೇವೆ. ಇಲ್ಲಿ ಒಂದು ತಪ್ಪಿಗೆ ಮೂರು ವಾರ ಹೋಯಿತು. ಆ ಮೂರು ವಾರದಲ್ಲಿ ಅಜ್ಜಿ ಒಮ್ಮೆ ಬಿದ್ದು ಆಸ್ಪತ್ರೆ ಸೇರಿ ಬಂದಳು. ‘ದೊಡ್ಡೋನು ಯಾವಾಗ ಬರ್ತಾನೆ?’ ಎಂದು ಕೇಳಿದಾಗಲೆಲ್ಲ ನನಗೆ ಮುಖ ತೋರಿಸಲು ಆಗುತ್ತಿರಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಅವಳೇ. ನಾನು ಪಹಣಿ ಹುಡುಕಲು ಅವಳ ಕಬ್ಬಿಣದ ಟ್ರಂಕು ತೆಗೆದೆ. ಅಜ್ಜನ ಕಂದಾಯದ ರಸೀದಿ, ಮದುವೆ ಪತ್ರಿಕೆಗಳು, ತಳದಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ನೀಲಿ ರಟ್ಟಿನ ಹಳೆಯ ಪಾಸ್‌ಪೋರ್ಟ್! ಯಾವುದೋ ಸಲ ಬಂದಾಗ ‘ಅವಧಿ ಮುಗಿದದ್ದು’ ಎಂದು ದೊಡ್ಡಪ್ಪ ಬಿಟ್ಟುಹೋಗಿದ್ದರು. ‘ಅದ್ರಾಗೆ ಅವನ ಫೋಟೊ ಐತಲ್ಲ, ಎಸೆಯಾಕೆ ಮನಸು ಬರ್ಲಿಲ್ಲ’ ಎಂದಳು ಅಜ್ಜಿ. ನಾಲ್ಕು ತಾಲ್ಲೂಕು ಸುತ್ತಿದ ನಾನು ಮನೆಯ ಟ್ರಂಕನ್ನೇ ನೋಡಿರಲಿಲ್ಲ.

ಆಮೇಲೆ ಕೆಲಸ ಸಲೀಸಾಯಿತು. ಹಳೆಯ ಪಾಸ್‌ಪೋರ್ಟ್ ಒಪ್ಪಿಸಿ, ಭಾರತೀಯ ಪೌರತ್ವ ಬಿಟ್ಟಿದ್ದೇನೆ ಎಂಬ ಪ್ರಮಾಣಪತ್ರ ಪಡೆದು, 275 ಡಾಲರ್ ಶುಲ್ಕ ಕಟ್ಟಿ ಅರ್ಜಿ ಹಾಕಿದರು. ಡಿಸೆಂಬರ್‌ನಲ್ಲಿ ಕಾರ್ಡ್ ಬಂತು. 2025ರ ಜನವರಿಯಲ್ಲಿ ಅವರು ಊರಿಗೆ ಬಂದಾಗ ವಾಣಿವಿಲಾಸ ಸಾಗರ ಕೋಡಿ ಬಿದ್ದಿತ್ತು. 1933ರ ನಂತರ 2022ರಲ್ಲಿ ಮೊದಲ ಸಲ ಕೋಡಿ ಹರಿದಾಗ ಅದನ್ನು ಅವರು ಫೋನಿನಲ್ಲಿ ನೋಡಿದ್ದರು. ಈ ಸಲ ನನ್ನ ಬೈಕಿನಲ್ಲಿ ಹೋಗಿ ವೇದಾವತಿ ಉಕ್ಕುವುದನ್ನು ಕಣ್ಣಾರೆ ನೋಡಿದರು.

ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ಒಸಿಐ ಇದ್ದರೂ ಮತ ಹಾಕುವಂತಿಲ್ಲ. ಕೃಷಿ ಜಮೀನು ಕೊಳ್ಳುವಂತಿಲ್ಲ. 2020ರ ತಿದ್ದುಪಡಿಯ ನಂತರ ನಮ್ಮ ರಾಜ್ಯದಲ್ಲಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ನೇಗಿಲು ಹಿಡಿದು ಬೆಳೆದ ದೊಡ್ಡಪ್ಪ ಒಂದು ಗುಂಟೆಯನ್ನೂ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಮಾತ್ರ ಇಟ್ಟುಕೊಳ್ಳಬಹುದು. ‘ನಾನೇ ಆರಿಸಿಕೊಂಡ ದಾರಿ, ದೂರೋದು ಹೆಂಗೆ?’ ಎನ್ನುತ್ತಾರೆ ಅವರು.

ಮೊನ್ನೆ ಅವರಿಗೆ ಅಮೆರಿಕದಿಂದ ಅಂಚೆಯಲ್ಲಿ ಒಂದು ಫಾರ್ಮ್ ಬಂತು. ಅಲ್ಲಿನ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಪಡೆಯುವವರು ಹೊರದೇಶದಲ್ಲಿದ್ದರೆ, ಬದುಕಿದ್ದೇವೆ ಎಂದು ಸಹಿ ಹಾಕಿ ಕಳಿಸಬೇಕು. ಕಳಿಸದಿದ್ದರೆ ಹಣ ನಿಲ್ಲುತ್ತದೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಪ್ರತಿ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋಗುತ್ತಾರೆ. ಇಬ್ಬರೂ ಜಗುಲಿಯ ಮೇಲೆ ಕೂತು, ಬದುಕಿರುವುದನ್ನು ಎರಡು ಸರ್ಕಾರಗಳಿಗೆ ಹೇಗೆ ನಂಬಿಸುವುದು ಎಂದು ನಗುತ್ತಿದ್ದರು.

ಗೆಳೆಯರೇ, ನಮ್ಮಲ್ಲಿ ಎಷ್ಟೋ ಜನ ಎಂಎಸ್, ಕೆಲಸ ಎಂದು ಹೊರಗೆ ಹೋಗುವ ಕನಸು ಕಂಡವರು. ಹೋಗಿ, ಬೇಡ ಎನ್ನುವುದಿಲ್ಲ. ಹೋಗುವ ಮೊದಲು ಹತ್ತನೇ ತರಗತಿ ಅಂಕಪಟ್ಟಿ, ಆಧಾರ್, ಪಾನ್, ಪಾಸ್‌ಪೋರ್ಟ್ ಎಲ್ಲದರಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯೇ ನೋಡಿ. ಇನಿಷಿಯಲ್ ಈಗಲೇ ವಿಸ್ತರಿಸಿಕೊಳ್ಳಿ. ಅವಧಿ ಮುಗಿದ ಯಾವ ಪಾಸ್‌ಪೋರ್ಟನ್ನೂ ಎಸೆಯಬೇಡಿ. ಇನ್ನೊಂದು ದೇಶದ ಪೌರತ್ವ ತೆಗೆದುಕೊಳ್ಳುವ ದಿನ ಬಂದರೆ, ಏನು ಸಿಗುತ್ತದೆ ಎಂದಷ್ಟೇ ಅಲ್ಲ, ಏನು ಬಿಟ್ಟುಹೋಗುತ್ತದೆ ಎಂದೂ ಓದಿ ಸಹಿ ಹಾಕಿ. ಮನೆಯಲ್ಲಿ ಹಿರಿಯರು ಫಾರ್ಮ್ ಹಿಡಿದು ಬಂದರೆ ‘ಸೈಬರ್ ಸೆಂಟರಿಗೆ ಹೋಗಿ’ ಎನ್ನಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ.

ಅಜ್ಜಿಯ ಕ್ಯಾಲೆಂಡರಿನಲ್ಲಿ ಈ ವರ್ಷವೂ ಬೊಟ್ಟು ಇತ್ತು, ಜುಲೈ ತಿಂಗಳಲ್ಲಿ. ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದರೆ ಒಸಿಐ ಇರುವವರೂ ಆಧಾರ್‌ಗೆ ಅರ್ಜಿ ಹಾಕಬಹುದು. 180 ದಿನಕ್ಕೆ ಕಾರು ಹತ್ತಿದ ದೊಡ್ಡಪ್ಪ ಈ ಸಲ 182 ದಾಟಿಸಿ, ಆಧಾರ್ ಕೇಂದ್ರದ ಸಾಲಿನಲ್ಲಿ ಟೋಕನ್ ಹಿಡಿದು ನಿಂತಿದ್ದರು. ವಿಳಾಸ ಏನು ಎಂದು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಊರು, ಅಂಚೆ, ಹಿರಿಯೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ ಎಂದು ಶಾಲೆಯ ಹುಡುಗನ ಹಾಗೆ ಒಂದೇ ಉಸಿರಿಗೆ ಒಪ್ಪಿಸಿದರು.